ಮೊದಲು ಇಟ್ಟ ಸ್ಲೈಡು

ಇಡೀ ಪ್ರಯೋಗಾಲಯಕ್ಕೆ ಅವಳು ಗೂಬಕ್ಕ. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು ಕೂರುವವಳಿಗೆ ಬೇರೆ ಯಾವ ಹೆಸರು ಇಟ್ಟಾರು? ಅವಳೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ. ಮನೆಗೆ ಹೋದರೆ ಬೆನ್ನುನೋವು, ಗಂಡನ ಮುಖ ನೋಡಿದರೂ ಕಣ್ಣೆದುರು ಹಸಿರು ಚುಕ್ಕೆ. "ನನ್ನನ್ನೂ ಒಂದ್ಸಲ ಅದರ ಕೆಳಗಿಟ್ಟು ನೋಡೇ, ಆಗಲಾದ್ರೂ ಕಾಣ್ತೀನೇನೋ," ಎಂದು ಅವನು ರೇಗಿಸುತ್ತಿದ್ದ.

ಆ ಹಸಿರು ಚುಕ್ಕೆಗಳೇ ಅವಳ ಬದುಕು. ವೈರಸ್ಸಿಗೆ ಮಾತ್ರ ಅಂಟಬೇಕಾದ ಹೊಳೆಯುವ ಬಣ್ಣವನ್ನು ಜೀವಕೋಶಗಳಿಗೆ ಹಾಕಿ ನೀಲಿ ಬೆಳಕು ಬಿಟ್ಟರೆ, ವೈರಸ್ ಎಲ್ಲಿ ಅವಿತಿದೆಯೋ ಅಲ್ಲಿ ಹಸಿರು ಮಿನುಗುತ್ತದೆ. ಈ ವೈರಸ್ ಕೋಶಕೇಂದ್ರದೊಳಕ್ಕೇ ನುಗ್ಗುತ್ತದೆ ಎಂದು ಅವಳು ವರ್ಷಗಟ್ಟಲೆ ಜೀವ ತೇಯ್ದು ತೋರಿಸಿದ್ದಳು. ಲೇಖನ ಸಿದ್ಧವಾಗಿತ್ತು, ಅಚ್ಚಾದರೆ ಕೆಲಸ ಕಾಯಂ. ಒಂದು ಒಳ್ಳೆಯ ಚಿತ್ರವಷ್ಟೇ ಬಾಕಿ.

ಅವಳದೊಂದು ಚಾಳಿ. ಸೋಂಕು ತಗುಲಿದ ಕೋಶಗಳ ಸ್ಲೈಡುಗಳನ್ನು ಆತುರದಿಂದ ಮೊದಲು ನೋಡುವುದು. ಸೋಂಕಿಲ್ಲದ, ಹೋಲಿಕೆಗೆಂದು ಅದೇ ಬಣ್ಣ ಹಾಕಿದ ಸ್ಲೈಡು ಅಷ್ಟು ಹೊತ್ತೂ ಮೇಜಿನ ದೀಪದ ಕೆಳಗೆ ಬಿದ್ದಿರುತ್ತಿತ್ತು. ಕೊನೆಗೆ ಅದನ್ನಿಟ್ಟರೆ ಕಗ್ಗತ್ತಲು. ಸರಿ, ಇಲ್ಲಿ ವೈರಸ್ ಇಲ್ಲ, ಎಂದು ಎದ್ದುಬಿಡುತ್ತಿದ್ದಳು.

ಅಂದು ತೂಕಡಿಕೆಯಲ್ಲಿ ಕೈಗೆ ಸಿಕ್ಕಿದ್ದನ್ನೇ ಮೊದಲು ಇಟ್ಟಳು. ಕೋಶಕೇಂದ್ರಗಳಲ್ಲಿ ಹಸಿರು ಚುಕ್ಕೆಗಳು ಜಗಮಗ. ಖುಷಿಯಿಂದ ಚಿತ್ರ ತೆಗೆದು, ಸ್ಲೈಡಿನ ಅಂಚಿನ ಗುರುತು ನೋಡಿದಳು. ಸೋಂಕಿಲ್ಲದ್ದು! ಬೆಳಕಿಗೆ ಬಿಟ್ಟರೆ ಈ ಬಣ್ಣ ಮಾಸುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳೇ ಅವಳು. ಇಷ್ಟು ದಿನವೂ ಮೇಜಿನ ದೀಪವೇ ಆ ಸ್ಲೈಡಿನ ಹೊಳಪನ್ನು ತಿಂದುಹಾಕಿತ್ತು.

ಆ ಸ್ಲೈಡನ್ನು ಒರೆಸಿ ಬಿಸಾಡಿದರೆ ಕೇಳುವವರಿರಲಿಲ್ಲ. ಹಾಗೆ ಅನ್ನಿಸಿದ್ದೂ ನಿಜ. ಆದರೆ ಆ ಸುಳ್ಳನ್ನು ಹೊತ್ತು ತಿರುಗಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಹೋಗಿ ಹಿರಿಯ ವಿಜ್ಞಾನಿಯನ್ನು ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು, ಎಲ್ಲವನ್ನೂ ಹೇಳಿದಳು.

ಅವರು ಬಹಳ ಹೊತ್ತು ನೋಡಿದರು. "ಹಾಗಾದ್ರೆ ನಾವು ಇಷ್ಟು ವರ್ಷ ನೋಡಿದ್ದೇನಮ್ಮ?"

"ಕೋಶದ್ದೇ ಏನನ್ನೋ ಸರ್. ಕಾಯಿಲೆ ಇಲ್ದೇ ಇದ್ರೂ ಇರುತ್ತೆ ಅದು."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆಯ್ತು. ನಾಳೆಯಿಂದ ಮತ್ತೆ ಶುರು ಮಾಡೋಣ."

"ನಾಳೆ ಬೇಡ ಸರ್. ನಾಳೆ ನಾನು ಮಲಗ್ತೀನಿ," ಎಂದಳು ಗೂಬಕ್ಕ. ಹೇಳುತ್ತಲೇ ಅಳು ಒತ್ತರಿಸಿ ಬಂತು.