ಪೋರ್ಚುಗಲ್ಲಿನ ಹೊಸ್ತಿಲು

ಕಾಂತಾಬಾಯಿ ಗಂಡನ ಹೆಸರನ್ನು ಕೇಳುತ್ತ ಬಾಳಿದವಳೇ ಹೊರತು ಹೇಳುತ್ತ ಬಾಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದಲ್ಲಿದ್ದವಳು ಹೇಳುತ್ತಿದ್ದಳು. ದವಾಖಾನೆಯಲ್ಲಿ ಕಾಂಪೌಂಡರನೇ ನೆನಪಿಸಿಕೊಂಡು ಬರೆದುಕೊಳ್ಳುತ್ತಿದ್ದ. ದುಬಲಗುಂಡಿಯಲ್ಲಿ ಅವಳ ಓರಗೆಯ ಯಾವ ಹೆಂಗಸೂ ಗಂಡನ ಹೆಸರು ಹಿಡಿದು ಮಾತಾಡಿದವಳಲ್ಲ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಬೇಕು. ಎರಡು ಸಾಲಿನ ಪ್ರಾಸದ ಸೆರಗಿನಲ್ಲಿ ಹೆಸರನ್ನು ಸುತ್ತಿ ಹೊರಗೆ ತರಬೇಕು. ಅವಳು ಹಾಗೆ ಹೇಳಿದ್ದು ಒಂದೇ ಸಲ. ಊರಿನ ಬುದ್ಧವಿಹಾರದಲ್ಲಿ ಮದುವೆ ಮುಗಿಸಿ ಅತ್ತೆಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತು, ಹೆಸರು ಹೇಳಿದರಷ್ಟೇ ಒಳಗೆ ಎಂದಿದ್ದರು.

ಆ ಹೆಸರಿನವನು, ಅಂದರೆ ಅಂಬಾದಾಸ, ಈಗ ಪೋರ್ಚುಗಲ್ಲಿನಲ್ಲಿದ್ದಾನೆ. ಊರಲ್ಲಿ ಕಂಡವರ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವನು ಅಲ್ಲಿ ಪ್ಲಾಸ್ಟಿಕ್ಕಿನ ಮನೆಯೊಳಗೆ ಬೆಳೆದ ಕೆಂಪು ಹಣ್ಣು ಬಿಡಿಸುತ್ತಾನೆ. ಹೊಲಕ್ಕೂ ಮನೆ ಕಟ್ಟಿಕೊಡುವ ದೇಶ ಎಂಬುದೇ ಕಾಂತಾಬಾಯಿಗೆ ಮೊದಲ ಬೆರಗು. ಎರಡನೆಯದು ಸಮುದ್ರ. ಒಂದು ಸಂಜೆ ವಿಡಿಯೋ ಕಾಲಿನಲ್ಲಿ ಅವನು ಅದನ್ನು ತೋರಿಸಿದ. ಅದು ದಂಡೆಯತನಕ ಓಡಿ ಬಂದು, ಏನೋ ಮರೆತವರ ಹಾಗೆ ಹಿಂದಕ್ಕೆ ಹೋಗುತ್ತಿತ್ತು.

"ರಾತ್ರಿನೂ ಹಿಂಗ ಮಾಡತದೇನ್ರಿ?"

"ಮಾಡತದ. ಅದಕ್ಕ ಸೂಟಿ ಇಲ್ಲ."

ಅಷ್ಟು ದೊಡ್ಡ ಜೀವಕ್ಕೆ ನಿದ್ದೆಯಿಲ್ಲವಲ್ಲ ಎಂದು ಇವಳು ತನ್ನ ನಿದ್ದೆ ಕಳೆದುಕೊಂಡಳು.

ಕೊನೆಗೆ ಅವನೇ, "ಫೋನಿನಾಗ ಎಷ್ಟಂತ ಸಂಸಾರ ಮಾಡೂದು, ನೀನೂ ಬಂದುಬಿಡು" ಎಂದ. ಹೋಗಿ ಅವನ ಜೊತೆ ಇರಬೇಕಾದರೆ ತಾತ್ಕಾಲಿಕ ವಾಸದ ವೀಸಾ ಬೇಕು. ಹಳೆಯ ಲೆಕ್ಕದಲ್ಲಿ ವೀಸ ಎಂದರೆ ಹದಿನಾರರಲ್ಲಿ ಒಂದು ಪಾಲು. ಈ ವೀಸಾ ಮಾತ್ರ ಹದಿನಾರಾಣೆ ಸತ್ಯ ಕೇಳುವಂಥದ್ದು. ಬಸವಕಲ್ಯಾಣದಲ್ಲಿ ಕಾಲೇಜು ಓದುವ ತಮ್ಮನ ಮಗಳು ಪೂನಂ ಅತ್ತೆಯನ್ನು ಹೈದರಾಬಾದಿಗೆ ಕರೆದೊಯ್ದು ಅರ್ಜಿ ಕೊಡಿಸಿದಳು. ಬರುವಾಗ ಎಚ್ಚರಿಸಿದಳು:

"ಅತ್ತಿ, ಅವರ ಕಚೇರಿಯಿಂದ ಫೋನ್ ಬರತದ. ನೀವು ಖರೇನೇ ಗಂಡ-ಹೆಂಡರು ಹೌದೋ ಅಲ್ಲೋ ಅಂತ ಪರೀಕ್ಷಾ ಮಾಡತಾರ. ಜವಾಬು ನೀನೇ ಕೊಡಬೇಕು. ಎಡವಿದಿ ಅಂದ್ರ ಫೈಲ್ ಬಂದ್."

ಅಂದಿನಿಂದ ಪಾಠ ಶುರುವಾಯಿತು. ಅವನಿರುವ ಊರು, ಕೋಣೆಯಲ್ಲಿ ಜೊತೆಗಿರುವ ಆರಿಫ, ಬದನೆಕಾಯಿ ತಿಂದರೆ ಅವನ ಮೈಗೆ ಬರುವ ತುರಿಕೆ, ಎಲ್ಲವೂ ಬಾಯಿಪಾಠವಾದವು. ಹೆಸರೊಂದನ್ನು ಪೂನಂ ಪಾಠ ಮಾಡಿಸಲಿಲ್ಲ. ಹೆಂಡತಿಯ ಬಾಯಿಂದ ಅದನ್ನು ಯಾರು ತಾನೇ ಕೇಳುತ್ತಾರೆ?

ಫೋನು ಬಂದದ್ದು ಬಸ್ಸಿನಲ್ಲಿ. ಅತ್ತೆ, ಸೊಸೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದರು. ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸು ತುಂಬ ಹೆಂಗಸರೇ. ರಾಜೇಶ್ವರ ಗ್ರಾಮ ದಾಟುವಾಗ ಫೋನು ಹಾಡತೊಡಗಿತು. ಎಂಜಿನ್ನಿನ ಗದ್ದಲದಲ್ಲಿ ಕೇಳಿಸಲೆಂದು ಪೂನಂ ಸ್ಪೀಕರ್ ಒತ್ತಿದ್ದರಿಂದ, ಪೋರ್ಚುಗಲ್ಲು ಇಡೀ ಬಸ್ಸಿಗೆ ಕೇಳಿಸಿತು. ಒಬ್ಬ ಹೆಣ್ಣುಮಗಳು ಅಚ್ಚ ಹಿಂದಿಯಲ್ಲಿ ಕೇಳಿದಳು: "ನಿಮ್ಮ ಪತಿಯ ಹೆಸರೇನು?"

ಕಾಂತಾಬಾಯಿ ಸೆರಗು ಸರಿಪಡಿಸಿಕೊಂಡಳು. ಪಾಠದಲ್ಲಿಲ್ಲದ ಪ್ರಶ್ನೆ. ರೂಢಿಯಂತೆ ಪಕ್ಕಕ್ಕೆ ನೋಡಿದಳು; ರೂಢಿಯಂತೆ ಪೂನಂ ಬಾಯಿ ಹಾಕಿ ಹೇಳಿಯೇಬಿಟ್ಟಳು.

"ಈಗ ಮಾತಾಡಿದ್ದು ಯಾರು?" ದನಿ ಬಿಗಿಯಾಯಿತು. "ಅರ್ಜಿದಾರರೇ ಹೇಳಬೇಕು. ಇನ್ನೊಮ್ಮೆ ಯಾರಾದರೂ ಹೇಳಿಕೊಟ್ಟರೆ ಹೆಂಡತಿಗೆ ಗಂಡನ ಹೆಸರು ಗೊತ್ತಿಲ್ಲವೆಂದು ಬರೆಯುತ್ತೇನೆ."

ಕಂಡಕ್ಟರ್ ಓಂಪ್ರಕಾಶ ಸೀಟಿ ಊದಿದ. "ಡ್ರೈವರ್ ಸಾಬ್, ಗಾಡಿ ಬಾಜೂಕ ಹಚ್ಚರಿ. ಫಾರಿನ್ ಲೈನ್‌ಮ್ಯಾಲದ."

ಎಂಜಿನ್ ನಿಂತಿತು. ಕಾಂತಾಬಾಯಿಗೆ ಹೆಸರು ಗಂಟಲಿನವರೆಗೆ ಬಂದು, ಆ ಸಮುದ್ರದ ಹಾಗೆ ಹಿಂದಕ್ಕೆ ಹೋಯಿತು. ಹೇಳದಿದ್ದರೆ ಗಂಡನಿಲ್ಲ, ಬರಿದೇ ಹೇಳಿಬಿಡಲು ನಾಲಿಗೆ ಏಳುತ್ತಿಲ್ಲ.

ಎದುರು ಸೀಟಿನಲ್ಲಿ ಕಿರಾಣಿ ಅಂಗಡಿಯ ಲಲಿತಾಬಾಯಿ ಕುಳಿತಿದ್ದರು. ತಲೆ ನರೆತ ಹಿರಿಯ ಹೆಂಗಸು. ಎದ್ದು ನಿಂತು, ಎರಡೂ ಕಡೆಯ ಸೀಟಿನ ಕಂಬಿ ಹಿಡಿದು, ನಡುವಿನ ದಾರಿಗೆ ಅಡ್ಡ ಕೈ ಚಾಚಿದರು.

"ನಾವೇನ್ ಹೇಳಿಕೊಡೂದಿಲ್ಲವ್ವ," ಎಂದರು ಮೆಲ್ಲಗೆ. "ಹೆಸರ ಹೇಳಿದ್ರ ಒಳಗ ಬಿಡತೀವಿ. ಇಲ್ಲಂದ್ರ ಹೊಸ್ತಿಲದಾಗೇ ನಿಂದರು."

ಕಾಂತಾಬಾಯಿ ಆ ಕೈಯನ್ನು ನೋಡಿದಳು. ಫೋನನ್ನು ನೋಡಿದಳು. ಎಂಥ ದೇಶವಿದು, ಸಮುದ್ರಗಳಾಚೆ ಇದ್ದುಕೊಂಡೂ ಬರುವ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಕೇಳುತ್ತಿದೆ. ಅಂದರೆ ಅದೂ ಅತ್ತೆಮನೆಯೇ. ಅದಕ್ಕೂ ಕ್ರಮ ಗೊತ್ತಿದೆ. ಕಿಟಕಿಯಾಚೆ ರಸ್ತೆ ಬದಿಗೊಂದು ಹುಣಸೆಮರ ನಿಂತಿತ್ತು. ಅದನ್ನೇ ನೋಡುತ್ತ ದನಿ ತೆಗೆದಳು:

"ಹುಮನಾಬಾದ ಹಾದ್ಯಾಗ ಹುಣಸಿ ಗಿಡದ ನೆರಳ,
ಅಂಬಾದಾಸರ ಹೆಸರ ಕಾಯ್ದದ ನನ್ನ ಕೊರಳ."

ಕಾಂತಾಬಾಯಿ ತನಗೆ ಬರುವ ಹಿಂದಿಯಲ್ಲಿ ಸೇರಿಸಿದಳು: "ಹಮಾರೇ ಮೇ ಐಸೈಚ್ ಬೋಲ್ತೇ, ಮೇಡಂ. ಖಾಲಿ ನಾಮ್ ನಹೀಂ ಲೇತೇ." ನಮ್ಮಲ್ಲಿ ಹೀಗೇ ಹೇಳುವುದು, ಬರಿದೇ ಹೆಸರು ಎತ್ತುವುದಿಲ್ಲ ಎಂದು.

"ಅರ್ಥ?" ಎಂದಿತು ದನಿ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಬಸ್ಸಿನಲ್ಲಿ ಒಂದು ಬಳೆಯೂ ಸದ್ದು ಮಾಡಲಿಲ್ಲ.

"ಬರೆದುಕೊಂಡೆ," ಎಂದಳು ಆ ಹೆಣ್ಣುಮಗಳು. ಬಿಗಿ ಸಡಿಲಾಗಿತ್ತು. "ಎರಡನೆಯ ಸಾಲು ಇನ್ನೊಮ್ಮೆ ಹೇಳಿ. ಇದು ಬರೆಯುವುದಕ್ಕಲ್ಲ, ಕೇಳುವುದಕ್ಕೆ."

ಆಮೇಲಿನ ಪ್ರಶ್ನೆಗಳೆಲ್ಲ ಸಲೀಸು. ಬದನೆಕಾಯಿಯ ಸುದ್ದಿಯನ್ನು ಯಾರೂ ಕೇಳಲಿಲ್ಲ, ಇವಳೇ ಹೇಳಿದಳು. ಫೋನು ಇಟ್ಟ ಮೇಲೆ ಲಲಿತಾಬಾಯಿ ಕೈ ಇಳಿಸಿ, "ಹೋಗು ಒಳಗ" ಎಂದರು. ಓಂಪ್ರಕಾಶ ಸೀಟಿ ಊದಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಪಾಸ್‌ಪೋರ್ಟು ವೀಸಾ ಅಂಟಿಸಿಕೊಂಡು ವಾಪಸು ಬಂತು. ಕಾಂತಾಬಾಯಿ ಅದರ ಮೇಲೆ ಬೆರಳಾಡಿಸಿದಳು. ಇಷ್ಟೇ ಅಗಲದ ಚೀಟಿಯೊಳಗೆ ಆ ಸಮುದ್ರ ಹೇಗೆ ಹಿಡಿಸಿತೋ ಎಂದು ಮತ್ತೆ ಮತ್ತೆ ನೋಡಿದಳು. ಅಷ್ಟರಲ್ಲಿ ಅಂಬಾದಾಸನ ಫೋನು.

"ಬಸ್ಸಿನಾಗ ನನ್ನ ಹೆಸರ ತಗೊಂಡಿಯಂತಲ್ಲ. ಊರೆಲ್ಲಾ ಕೇಳೇದ, ನಾನೊಬ್ಬವ ಕೇಳಿಲ್ಲ. ಒಮ್ಮೆ ಹೇಳ ನೋಡೂಣು."

"ಈಗ ಹ್ಯಾಂಗ ಹೇಳಲಿರಿ?" ಎಂದಳು ಕಾಂತಾಬಾಯಿ. "ನಾ ಬಂದ ದಿನ ಬಾಗಿಲಿಗಿ ಅಡ್ಡ ನಿಂದರ್ರಿ."