ಎಮ್ಮೆಯ ಕೋಶದಲ್ಲಿ ಹಸಿರು ಚುಕ್ಕೆ

ಮೊಮ್ಮಕ್ಕಳೇ, ನಿಮ್ಮ ಅಮ್ಮ ಪುಣೆಯ ಪ್ರಯೋಗಾಲಯದಲ್ಲಿ ಇಲಿಯ ಕೋಶಕೇಂದ್ರದೊಳಗೆ ಹೊಸದೊಂದು ಪ್ರೋಟೀನ್ ಕಂಡುಹಿಡಿದಿದ್ದಳು. ಹಾಲುಣಿಸುವ ಬೇರೆ ಪ್ರಾಣಿಗಳಲ್ಲೂ ಅದು ಇರದಿದ್ದರೆ ಅವಳ ದುಡಿಮೆ ಅರ್ಧಕ್ಕೆ ನಿಲ್ಲುತ್ತಿತ್ತು. ಎಮ್ಮೆಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ, ಪ್ರೋಟೀನ್ ಹೊಳೆಯಬೇಕಾದಲ್ಲಿ ಎಲ್ಲವೂ ಕಪ್ಪಾಗಿತ್ತಂತೆ.

"ಮುಗೀತವ್ವಾ," ಎಂದು ಮನೆಗೆ ಬಂದು ಮಲಗಿಬಿಟ್ಟಳು.

ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಅವಳಿಗೆ ನೆನಪಾಯಿತು: ಆ ಪ್ರೋಟೀನಿಗೆ ಅಂಟಿ ಹೊಳೆಯುವ ಬಣ್ಣವನ್ನೇ ಹಾಕಿರಲಿಲ್ಲ. ಸಂಕೋಚಪಡುತ್ತಿದ್ದ ನನ್ನನ್ನೂ ಪ್ರಯೋಗಾಲಯಕ್ಕೆ ಕರೆದೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಪ್ರತಿ ಕೋಶದ ನಡುವೆಯೂ ಹಸಿರು ಚುಕ್ಕೆ ಹೊಳೆಯುತ್ತಿತ್ತು.

"ಎಮ್ಮಿಯೊಳಗೂ ಅದ, ಅವ್ವಾ."

"ಸಣ್ಣಾಕಿದ್ದಾಗ ನಿನಗ ಎಮ್ಮಿ ಅಂತಿದ್ದೆ. ಖರೇನ ಆತು ನೋಡು," ಎಂದೆ.

ಅವಳು ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣೀರು ಬರುವಷ್ಟು ನಕ್ಕಳು. ಅವಳು ಬರೆದ ಪ್ರಬಂಧದಲ್ಲಿ ಇದೊಂದೂ ಇಲ್ಲ. ಅದಕ್ಕೇ ನಾನು ಬರೆದಿಟ್ಟ ಈ ಹಾಳೆಗಳನ್ನು ನೀವು ಜೋಪಾನವಾಗಿ ಇಟ್ಟುಕೊಳ್ಳಿ.