ಮೆಲ್ವಿನ್‌ನ ಹೊಸ ಲ್ಯಾಪ್‌ಟಾಪ್, ನನ್ನ ಹಳೆಯದು

2023ರ ಬೇಸಿಗೆಯಲ್ಲಿ ನಾನು ದೋಹಾದ ಒಂದು ಕ್ಲಿಯರಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟೇಶನ್ ಅಸಿಸ್ಟೆಂಟ್ ಆಗಿದ್ದೆ. ಹಮದ್ ಬಂದರಿಗೆ ಬಂದಿಳಿಯುವ ಕಂಟೇನರುಗಳ ಕಾಗದಪತ್ರ ನೋಡಿ, ಒಳಗಿನ ಸರಕು ಏನೆಂಬ ಡಿಕ್ಲರೇಶನ್ ಅನ್ನು ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಸಲ್ಲಿಸುವುದು ನನ್ನ ಕೆಲಸ. ಅದು ಮಂಜೂರಾಗದೆ ಕಂಟೇನರ್ ಗೇಟು ದಾಟುವುದಿಲ್ಲ. ದಿನಕ್ಕೆ ಎಷ್ಟು ಸಲ್ಲಿಸಿದೆ, ಎಷ್ಟು ಉಳಿಯಿತು ಎಂದು ಡೈರಿಯಲ್ಲಿ ಬರೆದಿಡುವುದು ಮೊದಲಿನಿಂದಲೂ ಅಭ್ಯಾಸ. ಆ ವರ್ಷ ಮೇ ತಿಂಗಳಿಂದ ಅದರಲ್ಲಿ ಇನ್ನೊಂದು ಕಾಲಂ ಸೇರಿತು: ಮೆಲ್ವಿನ್ ಎಷ್ಟು ಸಲ್ಲಿಸಿದ.

ಮೆಲ್ವಿನ್ ಶಿರ್ವದವನು, ನನಗಿಂತ ಒಂದು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಫ್ಲ್ಯಾಟಿನಲ್ಲಿ ನನ್ನ ರೂಮ್‌ಮೇಟ್. ಆಫೀಸಿನಲ್ಲೂ ಪಕ್ಕದ ಮೇಜು. ಮೇ ತಿಂಗಳಲ್ಲಿ ಅವನ ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿತು. ಕಂಪನಿ ಅವನಿಗೆ ಹೊಸದು ಕೊಟ್ಟಿತು. ನನ್ನದು ಏಳು ವರ್ಷ ಹಳೆಯದು, ನನಗಿಂತ ಮೊದಲು ಇಬ್ಬರು ಬಳಸಿ ಬಿಟ್ಟದ್ದು. ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿ ಕಾಪಾಡಿದವನಿಗೆ ಹಳತು, ಚಹಾ ಚೆಲ್ಲಿದವನಿಗೆ ಹೊಸತು. ಈ ವಾಕ್ಯವನ್ನು ಡೈರಿಯಲ್ಲಿ ಬೇರೆ ಬೇರೆ ಮಾತುಗಳಲ್ಲಿ ಹಲವು ಸಲ ಬರೆದಿದ್ದೇನೆ.

ಜುಲೈಯಲ್ಲಿ ನಮ್ಮ ಮ್ಯಾನೇಜರ್ ಇಬ್ರಾಹಿಂ ಸರ್ ಇಬ್ಬರನ್ನೂ ಕ್ಯಾಬಿನ್‌ಗೆ ಕರೆದರು. ರೀಫರ್ ಡೆಸ್ಕ್ ಖಾಲಿಯಾಗಿತ್ತು. ರೀಫರ್ ಎಂದರೆ ಹಣ್ಣು, ಮಾಂಸ ತರುವ ಶೀತಲ ಕಂಟೇನರ್; ಅದರ ಕಾಗದ ಒಂದು ದಿನವೂ ತಡವಾಗಬಾರದು.

"ಆಗಸ್ಟ್ ಕೊನೆಗೆ ಯಾರ ಪೆಂಡಿಂಗ್ ಕಡಿಮೆಯೋ, ಡೆಸ್ಕ್ ಅವರಿಗೆ," ಎಂದರು.

ಆ ಡೆಸ್ಕಿನಲ್ಲಿ ಕೂರುವವನು ಆಫೀಸರ್. ನನಗೆ ಬೇಕಿದ್ದದ್ದು ಆ ಹೆಸರು. ಮದುವೆಯಾಗಿ ವರ್ಷ ದಾಟಿದ್ದರೂ ಹೆಂಡತಿ ಶ್ವೇತಾ ಕಾರ್ಕಳದಲ್ಲೇ ಇದ್ದಳು. ಅಸಿಸ್ಟೆಂಟ್ ಆಗಿರುವವರೆಗೆ ನನಗೆ ಫ್ಯಾಮಿಲಿ ವೀಸಾ ಸಿಗುವಂತಿರಲಿಲ್ಲ. ಮೆಲ್ವಿನ್‌ಗೆ ಮದುವೆಯೇ ಆಗಿರಲಿಲ್ಲ, ಆದರೂ ಮುಂದಿದ್ದವನು ಅವನೇ. ನನ್ನ ಯಂತ್ರದಲ್ಲಿ ಮೂರನೇ ಫೈಲ್ ತೆರೆಯುವಷ್ಟರಲ್ಲಿ ಫ್ಯಾನ್ ಕಿರುಚತೊಡಗುತ್ತಿತ್ತು, ಆಮೇಲೆ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅವನದು ಸದ್ದೇ ಇಲ್ಲದೆ ನಡೆಯುತ್ತಿತ್ತು.

"ಪ್ರಶಾಂತಾ, ವಿಮಾನ ಟೇಕಾಫ್ ಆಯ್ತಾ?" ಎಂದು ನನ್ನ ಫ್ಯಾನಿನ ಸದ್ದಿಗೆ ಮೆಲ್ವಿನ್ ಕೆಣಕುತ್ತಿದ್ದ. "ಅದರಲ್ಲೇ ಕಾರ್ಕಳಕ್ಕೆ ಹೋಗಿ ಬಾ ಮಾರಾಯ, ಟಿಕೆಟ್ ಬೇಡ."

ಶ್ವೇತಾ ಫೋನಿನಲ್ಲಿ ಒಮ್ಮೆ ಹೇಳಿದಳು: "ಅರ್ಧ ಗಂಟೆಯಿಂದ ಮೆಲ್ವಿನ್‌ದೇ ಕಥೆ. ನೀವು ನನ್ನನ್ನು ಕರೆಸಿಕೊಳ್ಳಲಿಕ್ಕೆ ಹೊರಟದ್ದಾ, ಅವನನ್ನು ಸೋಲಿಸಲಿಕ್ಕಾ?"

ಮರುದಿನವೇ ಇಬ್ರಾಹಿಂ ಸರ್ ಬಳಿ ಹೋಗಿ ನನಗೂ ಹೊಸ ಲ್ಯಾಪ್‌ಟಾಪ್ ಬೇಕೆಂದೆ.

"ಈ ವರ್ಷದ ಬಜೆಟ್ ಖಲಾಸ್. ನೀನೂ ಹೋಗಿ ಚಹಾ ಚೆಲ್ಲಬೇಡ ಮತ್ತೆ."

"ಹಾಗಾದರೆ ರೂಮಿಗೆ ಒಯ್ದು ನಾನೇ ರಿಪೇರಿ ಮಾಡಲಾ ಸರ್?"

"ವಾರಂಟಿ ಮುಗಿದು ಯಾವ ಕಾಲವಾಯ್ತೋ. ಹಾಳಾದರೆ ನಿನ್ನ ತಲೆ ಮೇಲೆ. ಯಲ್ಲಾ, ಆಗಲಿ, ಮಾಡು."

ಒಂದು ವಾರ ವಿಡಿಯೊಗಳನ್ನು ನೋಡಿದೆ. ಎಸ್‌ಎಸ್‌ಡಿ ತಂದು, ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿಟ್ಟುಕೊಂಡೆ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದ, ಹೆಚ್ಚು ವೇಗದ ಸಂಗ್ರಹ. ಅಲ್ಲಿ ವಾರದ ರಜೆಯೂ ಚರ್ಚಿನ ಪೂಜೆಯೂ ಶುಕ್ರವಾರ; ಆ ಬೆಳಿಗ್ಗೆ ಮೆಲ್ವಿನ್ ಚರ್ಚ್‌ಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿದೆ. ಹಿಂಬದಿಯ ಚಿತ್ರ ಬರೆದು, ಬಿಚ್ಚಿದ ಸ್ಕ್ರೂ ಒಂದೊಂದನ್ನೂ ಚಿತ್ರದಲ್ಲಿ ಅದರದೇ ಜಾಗಕ್ಕೆ ಟೇಪಿನಿಂದ ಅಂಟಿಸಿದೆ. ಅವು ನೋಡಲು ಒಂದೇ ತರಹ ಕಂಡರೂ ಉದ್ದ ಬೇರೆ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಮದರ್‌ಬೋರ್ಡಿಗೇ ತೂತು ಬಿದ್ದೀತು. ಶಾರ್ಟ್ ಆಗದಿರಲಿ ಎಂದು ಮೊದಲು ಬ್ಯಾಟರಿಯ ವಯರ್ ಕಿತ್ತೆ.

ಫ್ಯಾನ್ ತೆಗೆದಾಗ ಕಾಯಿಲೆ ಕಣ್ಣಿಗೆ ಬಿತ್ತು. ಬಿಸಿ ಗಾಳಿ ಹೊರಹೋಗುವ ಜಾಲರಿಗೆ ಅಡ್ಡವಾಗಿ ಮರಳು ದೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು. ಪ್ರೊಸೆಸರಿನ ಶಾಖವನ್ನು ಎಳೆದು ಸಾಗಿಸಬೇಕಾದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ವಿಪರೀತ ಬಿಸಿಯಾದ ಪ್ರೊಸೆಸರ್ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ನಾನು ಮುದಿತನ ಎಂದುಕೊಂಡದ್ದು ಇದನ್ನೇ. ಬ್ರಷ್‌ನಿಂದ ದೂಳು ತೆಗೆದೆ, ಹೊಸ ಪೇಸ್ಟ್ ಅಕ್ಕಿಕಾಳಿನಷ್ಟು ಹಾಕಿದೆ, ಡಿಸ್ಕ್ ಬದಲಿಸಿದೆ. ಮುಚ್ಚಳ ಹಾಕುವ ಮೊದಲು ಬಟನ್ ಒತ್ತಿ ನೋಡಿದೆ.

ಜೀವವೇ ಇಲ್ಲ. ರ‍್ಯಾಮ್ ತೆಗೆದು ಹಾಕಿದೆ, ಪರದೆಯ ಕೇಬಲ್ ಒತ್ತಿದೆ. ಏನೂ ಇಲ್ಲ. ಆಫೀಸಿನ ಯಂತ್ರ, ಆಫೀಸಿನ ಫೈಲುಗಳು, ನನ್ನ ತಲೆ. ಶ್ವೇತಾಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಮೆಲ್ವಿನ್ ಸಮೋಸದ ಪೊಟ್ಟಣ ಹಿಡಿದು ಒಳಗೆ ಬಂದ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇಣುಕಿ ನೋಡಿದ.

"ಈ ವಯರ್ ಎಂತದ್ದು, ಹೀಗೆ ಹೊರಗೆ ನೇತಾಡ್ತಾ ಉಂಟಲ್ಲ?"

ಬ್ಯಾಟರಿಯದು. ಸಿಕ್ಕಿಸಿದೆ. ಪರದೆ ಬೆಳಗಿತು.

"ಫೀಸ್ ಬೇಡ, ಪಾತ್ರೆ ನೀನು ತೊಳಿ," ಎಂದ. ಸ್ಕ್ರೂಡ್ರೈವರ್ ಹಿಡಿಯುವುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದು ಬೆಳಗ್ಗೆಯ ನನ್ನ ದುಡಿಮೆಯ ಕೊನೆಯ ಗೆಲುವೂ ಅವನ ಪಾಲಿಗೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಸಮೋಸ ಮುಟ್ಟಲಿಲ್ಲ.

ಆದರೆ ಯಂತ್ರ ನನ್ನ ಕೈ ಬಿಡಲಿಲ್ಲ. ಫ್ಯಾನ್ ಬಾಯಿ ಮುಚ್ಚಿತು, ಫೈಲುಗಳು ಒತ್ತಿದೊಡನೆ ತೆರೆದವು. ಆಗಸ್ಟ್ ಮುಗಿದಾಗ ನನ್ನ ಪೆಂಡಿಂಗ್ ಎರಡು, ಮೆಲ್ವಿನ್‌ದು ಒಂಬತ್ತು. ಇಬ್ರಾಹಿಂ ಸರ್ ನನ್ನ ಕೈ ಕುಲುಕಿದರು. ಅದೇ ವಾರ ಹುದ್ದೆಯ ಪತ್ರ ಬಂತು. ಫೋನಿನಲ್ಲಿ ಶ್ವೇತಾ ಅತ್ತಳು, ಆಮೇಲೆ ಯಾವ ಸೀರೆಗಳನ್ನು ತರಲಿ ಎಂದು ಕೇಳಿದಳು.

ಮೆಲ್ವಿನ್‌ನ ಮುಖ ಸಣ್ಣದಾಗುವುದನ್ನು ನೋಡಲು ಕಾದಿದ್ದೆ. ಅವನು ಜೋರಾಗಿ ಬೆನ್ನು ತಟ್ಟಿ, "ಒಳ್ಳೇದಾಯ್ತು ಮಾರಾಯ. ಅತ್ತಿಗೆ ಬಂದರೆ ಶುಕ್ರವಾರ ನನಗೂ ಮೀನು ಗಸಿ ಸಿಕ್ಕೀತಲ್ಲ," ಎಂದ. ಅವನಿಗೆ ನನ್ನ ಮೇಲೆ ಒಂದಿಷ್ಟೂ ಅಸೂಯೆ ಇರಲಿಲ್ಲ. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಮರುದಿನ ಇಬ್ರಾಹಿಂ ಸರ್ ಹೇಳಿದರು: "ಹೊಸ ಲ್ಯಾಪ್‌ಟಾಪ್ ರೀಫರ್ ಡೆಸ್ಕಿಗೆ ಇರಲಿ. ನೀವಿಬ್ಬರು ಬದಲಾಯಿಸಿಕೊಳ್ಳಿ."

ನಾಲ್ಕು ತಿಂಗಳು ಕಣ್ಣಿಟ್ಟಿದ್ದ ವಸ್ತು ನನ್ನ ಮೇಜಿಗೆ ಬಂತು. ಮೆಲ್ವಿನ್ ನನ್ನದನ್ನು ತೆರೆದು ನಾಲ್ಕು ಫೈಲ್ ಒಟ್ಟಿಗೆ ಒತ್ತಿದ. "ಅಯ್ಯೋ, ಇದು ಅದಕ್ಕಿಂತ ಲಾಯ್ಕ ಉಂಟಲ್ಲ!" ಎಂದು ಇಡೀ ಆಫೀಸಿಗೆ ಕೇಳುವಂತೆ ಕೂಗಿದ. ಅವನ ಚಹಾದ ಲೋಟ ಅದರ ಪಕ್ಕದಲ್ಲೇ ಇತ್ತು. ನಾನು ಎದ್ದು ನೇರವಾಗಿ ಕ್ಯಾಬಿನ್‌ಗೆ ಹೋದೆ.

"ಸರ್, ನನಗೆ ಹಳೆಯದೇ ಸಾಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಸದು ಬೇಕು ಅಂತ ಬೇಸಿಗೆ ಇಡೀ ಮುಖ ಊದಿಸಿಕೊಂಡು ಕೂತವನು ಯಾರು? ಇನ್ನು ಬದಲಾವಣೆ ಮಾಫಿ, ಇಲ್ಲವೇ ಇಲ್ಲ. ಹೋಗಿ ಕೆಲಸ ಮಾಡು."

ಆ ರಿಪೇರಿ ಕೆಲಸ ನನಗೆ ಕಲಿಸಿದ್ದು ಇಷ್ಟು: ಏನು ಬೇಕು ಎಂದು ಕೇಳಿದಾಗ ಪಕ್ಕದ ಮೇಜು ನೋಡಬಾರದು, ನನ್ನ ಮೇಜಿನಲ್ಲಿ ಯಾವುದು ಕೆಟ್ಟಿದೆ ಎಂದು ಬಿಚ್ಚಿ ನೋಡಬೇಕು. ಈ ವರ್ಷ ಎಲ್ಲರಿಗೂ ಏನೇನು ಬೇಕು ಎಂದು ಆಫೀಸಿನಿಂದ ಮೇಲ್ ಬಂದಾಗ, ರೀಫರ್ ಕೆಲಸಕ್ಕೆ ನಿಜಕ್ಕೂ ಬೇಕಾದ ಇನ್ನೊಂದು ಮಾನಿಟರ್ ಮಾತ್ರ ಬರೆದೆ. ಕಳಿಸುವ ಮೊದಲು ಒಮ್ಮೆ ತಲೆಯೆತ್ತಿ, ಮೆಲ್ವಿನ್ ಏನು ಬರೆಯುತ್ತಿದ್ದಾನೆ ಎಂದು ನೋಡಿದೆ.